ಯೆನ್ ಇಳಿದಿದೆ, ಜಪಾನಿನಿಂದ ಗಾಡಿ ತರಿಸಬಹುದೇ?

ಪ್ರಶ್ನೆ: ನಾವು ಬೀದರ್ ನಗರದವರು. ನಮ್ಮ ಅಣ್ಣ ಒಂಬತ್ತು ವರ್ಷಗಳಿಂದ ದುಬೈಯಲ್ಲಿ ಕೆಲಸ ಮಾಡುತ್ತಿದ್ದಾರೆ, ಮುಂದಿನ ವರ್ಷ ಕಾಯಮ್ಮಾಗಿ ಊರಿಗೆ ಮರಳುವ ವಿಚಾರದಲ್ಲಿದ್ದಾರೆ. ಮನೆಯಲ್ಲಿ ಏಳು ಜನರಿದ್ದೇವೆ. ಯೆನ್ ಬಹಳ ಇಳಿದಿರುವುದರಿಂದ ಜಪಾನಿನ ಹರಾಜಿನಲ್ಲಿ ಎರಡೂವರೆ ವರ್ಷ ಹಳೆಯ, ಏಳು ಆಸನದ, 2500 ಸಿಸಿ ಪೆಟ್ರೋಲ್ ಹೈಬ್ರಿಡ್ ವ್ಯಾನು 40 ಲಕ್ಷ ಯೆನ್‌ಗೆ, ಅಂದರೆ ನಮ್ಮ ಸುಮಾರು 22 ಲಕ್ಷ ರೂಪಾಯಿಗೆ ಸಿಗುತ್ತದೆ ಎಂದು ಅಣ್ಣನ ಸ್ನೇಹಿತರು ಹೇಳುತ್ತಿದ್ದಾರೆ. ದರ ಅನುಕೂಲವಾಗಿರುವ ಈ ಹೊತ್ತಿನಲ್ಲಿ ಅದನ್ನು ತರಿಸುವುದು ಜಾಣತನವೇ? ಇಲ್ಲವಾದರೆ ಅಣ್ಣ ದುಬೈಯಲ್ಲಿ ಓಡಿಸುತ್ತಿರುವ ಕಾರನ್ನೇ ತರಬಹುದೇ?

ಉತ್ತರ: ನಿಮ್ಮ ಲೆಕ್ಕದ 22 ಲಕ್ಷ ರೂಪಾಯಿಯ ವ್ಯಾನು, ಕಾನೂನಿನ ದಾರಿಯಲ್ಲಿ ನೆಟ್ಟಗೆ ಬಂದರೆ, ಕೆಎ 38 ನಂಬರು ಹಚ್ಚಿಕೊಂಡು ಬೀದರಿನ ನಿಮ್ಮ ಮನೆಯ ಮುಂದೆ ನಿಲ್ಲುವ ಹೊತ್ತಿಗೆ ಸುಮಾರು 95 ಲಕ್ಷ ರೂಪಾಯಿಯದ್ದಾಗಿರುತ್ತದೆ. ದುಬೈಯ ಕಾರಿಗೆ ಎಡಗಡೆ ಸ್ಟಿಯರಿಂಗ್ ಇರುವುದರಿಂದ ಅದರ ವಿಚಾರವನ್ನು ಬಿಟ್ಟುಬಿಡುವುದು ಒಳ್ಳೆಯದು. ನಾನು ಕಲಬುರಗಿಗೆ ಮರಳುವ ಮೊದಲು ಬಹುಕಾಲ ಮುಂಬೈಯಲ್ಲಿ ಕ್ಲಿಯರಿಂಗ್ ಕೆಲಸದಲ್ಲಿ, ಅಂದರೆ ಬಂದರಿಗೆ ಬಂದ ಸರಕನ್ನು ಕಸ್ಟಮ್ಸ್‌ನಿಂದ ಬಿಡಿಸಿಕೊಡುವ ಕೆಲಸದಲ್ಲಿದ್ದವನು. ಆಗಲೂ ಕಾರಿನ ವಿಚಾರ ಕೇಳಲು ಬಂದವರಲ್ಲಿ ಹೆಚ್ಚಿನವರು ನಿಮ್ಮಂತೆಯೇ ದರದಿಂದ ಮಾತು ಶುರು ಮಾಡುತ್ತಿದ್ದರು. ದರ ಮುಖ್ಯವಲ್ಲವೆಂದು ನಾನು ಹೇಳುವುದಿಲ್ಲ. ಆದರೆ ನೀವು ನೋಡುತ್ತಿರುವ ದರ ನಿಮಗೆ ಸಂಬಂಧಿಸಿದ್ದಲ್ಲ ಎಂಬುದು ನನ್ನ ಅಭಿಪ್ರಾಯ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಯೆನ್ ಕುಸಿಯಿತು ಎಂಬ ಸುದ್ದಿ ಯಾವಾಗಲೂ ಡಾಲರಿನ ಎದುರಿಗೆ ಕುಸಿದ ಸುದ್ದಿ. 2011ರ ಅಕ್ಟೋಬರಿನಲ್ಲಿ ಒಂದು ಡಾಲರಿಗೆ ಸುಮಾರು 76 ಯೆನ್ ಸಿಗುತ್ತಿತ್ತು. 2024ರ ಜುಲೈಯಲ್ಲಿ 161 ಯೆನ್ ದಾಟಿತು. ಡಾಲರ್ ಇದ್ದವನಿಗೆ ಜಪಾನಿನ ಸರಕು ಅರ್ಧಕ್ಕಿಂತ ಕಡಿಮೆ ಬೆಲೆಗೆ ಇಳಿಯಿತು. ಅದೇ ಅವಧಿಯಲ್ಲಿ ನಮ್ಮ ರೂಪಾಯಿ ಡಾಲರಿಗೆ ಸುಮಾರು 49ರಿಂದ 83ರ ಆಚೆಗೆ ಹೋಯಿತು. ಎರಡು ಕೊಡಗಳನ್ನು ಒಂದೇ ಬಾವಿಗೆ ಇಳಿಬಿಟ್ಟಾಗ ಒಂದು ಕೊಡದಿಂದ ಇನ್ನೊಂದಕ್ಕೆ ಎಷ್ಟು ಅಂತರ ಎಂಬುದನ್ನು ದಂಡೆಯಿಂದ ಅಳೆಯಲಾಗುವುದಿಲ್ಲ, ಹಗ್ಗಗಳನ್ನು ಹೋಲಿಸಬೇಕು. ಹಾಗೆ ಹೋಲಿಸಿದರೆ 2011ರಲ್ಲಿ ಸುಮಾರು 65 ಪೈಸೆ ಇದ್ದ ಯೆನ್ 2024ರ ಆ ಅತ್ಯಂತ ಕೆಳಮಟ್ಟದಲ್ಲಿಯೂ 52 ಪೈಸೆಯ ಹತ್ತಿರವಿತ್ತು. ರೂಪಾಯಿಯಲ್ಲಿ ದುಡಿಯುವವನಿಗೆ ಹದಿಮೂರು ವರ್ಷಗಳ ಆ ದೊಡ್ಡ ಕುಸಿತ ಐದರಲ್ಲಿ ಒಂದು ಪಾಲು ಮಾತ್ರ.

ನಿಮ್ಮ ಅಣ್ಣನ ಮಾತು ಬೇರೆ. ದಿರಹಮ್ಮನ್ನು 1997ರಿಂದ ಒಂದು ಡಾಲರಿಗೆ 3.6725ರಂತೆ ಕಟ್ಟಿಹಾಕಿದ್ದಾರೆ, ಆದ್ದರಿಂದ ದುಬೈಯ ಸಂಬಳ ಹೆಸರಿಗೆ ದಿರಹಮ್ ಆದರೂ ವಾಸ್ತವವಾಗಿ ಡಾಲರಿನ ಸಂಬಳವೇ. ಅಂದಮೇಲೆ ಯೆನ್ನಿನ ಪೂರ್ಣ ಕುಸಿತದ ಲಾಭ ಅವರಿಗೆ ಸಿಗುತ್ತದೆ. 2021ರ ಮಧ್ಯದಲ್ಲಿ ಡಾಲರಿಗೆ ಸುಮಾರು 110 ಯೆನ್ ಇದ್ದಾಗ, ಹಡಗಿನ ಬಾಡಿಗೆ ಮತ್ತು ವಿಮೆ ಸೇರಿ 44 ಲಕ್ಷ ಯೆನ್ ಬೀಳುವ ಗಾಡಿಗೆ 40,000 ಡಾಲರ್, ಅಂದರೆ 1,46,900 ದಿರಹಮ್ ಬೇಕಾಗುತ್ತಿತ್ತು. ಡಾಲರಿಗೆ 155 ಯೆನ್ ಆದಾಗ ಅದೇ ಗಾಡಿಗೆ ಸುಮಾರು 1,04,250 ದಿರಹಮ್ ಸಾಕು. ಇಲ್ಲೊಂದು ಸೂಕ್ಷ್ಮವಿದೆ. ಭಾರತದ ಸುಂಕವು ಇಷ್ಟು ರೂಪಾಯಿ ಎಂದು ನಿಗದಿಯಾದ ಮೊತ್ತವಲ್ಲ, ಗಾಡಿಯ ಬೆಲೆಯ ಮೇಲೆ ಶೇಕಡಾವಾರು ಬೀಳುವಂಥದ್ದು. ಹಾಗಾಗಿ ಬೆಲೆಯನ್ನೂ ಸುಂಕವನ್ನೂ ಅಣ್ಣನವರು ದಿರಹಮ್ಮಿನಿಂದಲೇ ಭರಿಸಿದರೆ ರೂಪಾಯಿ ಏರಿದರೂ ಇಳಿದರೂ ಅವರ ಕೈಬಿಡುವ ದಿರಹಮ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ರೂಪಾಯಿ ಲೆಕ್ಕದ ನಡುವೆ ಬಂದು ಮಾಯವಾಗುತ್ತದೆ. ಹಣ ಯಾರ ಜೇಬಿನಿಂದ ಹೋಗುತ್ತದೆ ಎಂಬುದನ್ನು ಮನೆಯಲ್ಲಿ ಮೊದಲು ತೀರ್ಮಾನಿಸದೆ ದರ ಅನುಕೂಲವೋ ಅಲ್ಲವೋ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ.

ಈಗ 95 ಲಕ್ಷ ಹೇಗಾಯಿತು ಎಂಬುದನ್ನು ನೋಡೋಣ. ಬಳಸಿದ ಕಾರಿನ ಮೇಲೆ 2025ರ ಬಜೆಟ್ಟಿನವರೆಗೆ ಮೂಲ ಸೀಮಾ ಸುಂಕ ಶೇ 125 ಇತ್ತು, ಅದರ ಮೇಲೆ ಸಮಾಜ ಕಲ್ಯಾಣದ ಮೇಲ್ತೆರಿಗೆ ಸೇರಿ ಶೇ 137.5 ಆಗುತ್ತಿತ್ತು. ಆ ಬಜೆಟ್ಟಿನಲ್ಲಿ ಮೂಲ ಸುಂಕವನ್ನು ಶೇ 70ಕ್ಕೆ ಇಳಿಸಿದ್ದನ್ನು ಓದಿ ಹಲವರು ಸಂತೋಷಪಟ್ಟರು. ಆದರೆ ಅದರ ಜೊತೆಯಲ್ಲೇ ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಸೆಸ್ ಎಂಬ ಹೆಸರಿನಲ್ಲಿ ಶೇ 67.5 ಸೇರಿಸಲಾಯಿತು. ಎರಡನ್ನೂ ಕೂಡಿಸಿದರೆ ಮತ್ತೆ ಅದೇ 137.5. ಜಪಾನಿನ ಹಳೆಯ ವ್ಯಾನಿನ ಮೇಲೆ ಕೃಷಿಯ ಹೆಸರಿನ ಸೆಸ್ ಬೀಳುವುದನ್ನು ನಮ್ಮ ಕಡೆಯ ತೊಗರಿ ಬೆಳೆಗಾರರು ಕೇಳಿದರೆ ನಕ್ಕಾರು. ಇದಾದ ಮೇಲೆ ಐಜಿಎಸ್‌ಟಿ, ಅಂದರೆ ಆಮದು ಸರಕಿನ ಮೇಲೆ ಬೀಳುವ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಪರಿಹಾರ ಸೆಸ್ ಹೋಗಿ ಶೇ 40ರ ಒಂದೇ ದರ ಬಂದಿದೆ, ನಿಮ್ಮ 2500 ಸಿಸಿ ವ್ಯಾನು ಅದರಡಿ ಬರುತ್ತದೆ. ಈ ಶೇ 40ನ್ನು ಗಾಡಿಯ ಬೆಲೆಯ ಮೇಲಷ್ಟೇ ಹಾಕುವುದಿಲ್ಲ, ಬೆಲೆ ಮತ್ತು ಸುಂಕ ಎರಡನ್ನೂ ಕೂಡಿಸಿ ಬಂದ ಮೊತ್ತದ ಮೇಲೆ ಹಾಕುತ್ತಾರೆ.

ಒಂದು ಯೆನ್‌ಗೆ 54 ಪೈಸೆ ಎಂದು ಹಿಡಿದರೆ ನಿಮ್ಮ 40 ಲಕ್ಷ ಯೆನ್‌ನ ವ್ಯಾನು 21.6 ಲಕ್ಷ ರೂಪಾಯಿ. ಮುಂಬೈವರೆಗಿನ ಹಡಗಿನ ಬಾಡಿಗೆ ಮತ್ತು ವಿಮೆಗೆ ಅಂದಾಜು 4 ಲಕ್ಷ ಯೆನ್ ಸೇರಿಸಿ, ಸುಂಕಕ್ಕೆ ಆಧಾರವಾಗುವ ಬೆಲೆ 23.76 ಲಕ್ಷ ರೂಪಾಯಿ ಎಂದುಕೊಳ್ಳಿ. ಅದರ ಶೇ 137.5 ಅಂದರೆ 32.67 ಲಕ್ಷ. ಎರಡೂ ಸೇರಿ 56.43 ಲಕ್ಷ. ಅದರ ಶೇ 40 ಅಂದರೆ 22.57 ಲಕ್ಷ. ಒಟ್ಟು 79 ಲಕ್ಷ. ಬಂದರಿನಿಂದ ಹೊರಬೀಳುವ ಹೊತ್ತಿಗೆ ಪ್ರತಿ ನೂರು ರೂಪಾಯಿಯ ಗಾಡಿ 332 ರೂಪಾಯಿ 50 ಪೈಸೆ ಆಗಿರುತ್ತದೆ. ಅಸಲಿಗಿಂತ ಬಡ್ಡಿ ಹೆಚ್ಚೆಂಬ ಮಾತು ಇಲ್ಲಿ ಅಕ್ಷರಶಃ ನಿಜ. ಆ ಬಳಿಕ ಕರ್ನಾಟಕದ ಜೀವಿತಾವಧಿ ತೆರಿಗೆ. 20 ಲಕ್ಷ ರೂಪಾಯಿ ಮೀರಿದ ಕಾರಿಗೆ ಶೇ 18, ಆ ತೆರಿಗೆಯ ಮೇಲೆ ಇನ್ನೊಂದು ಸೆಸ್. ಆಮದಾದ ಗಾಡಿಗೆ ಈ ಶೇಕಡಾವನ್ನು ಲೆಕ್ಕ ಹಾಕುವುದು ಸುಂಕವೆಲ್ಲ ಸೇರಿದ ಬೆಲೆಯ ಮೇಲೆ. ಹೀಗೆ 95 ಲಕ್ಷದ ಹತ್ತಿರ ಬಂದು ನಿಲ್ಲುತ್ತೇವೆ. ಕ್ಲಿಯರಿಂಗ್ ಖರ್ಚು, ತಪಾಸಣೆ, ಮುಂಬೈಯಿಂದ ಲಾರಿಯ ಮೇಲೆ ತರುವ ಬಾಡಿಗೆ, ಇಲ್ಲಿನ ವಿಮೆ ಇವನ್ನು ನಾನಿನ್ನೂ ಸೇರಿಸಿಲ್ಲ.

ದರ ಇಳಿದದ್ದರಿಂದ ಏನೂ ಉಳಿಯಲಿಲ್ಲವೇ ಎಂದು ಕೇಳಿದರೆ, ಉಳಿಯುತ್ತದೆ. ಯೆನ್ 60 ಪೈಸೆ ಇದ್ದಿದ್ದರೆ ಬಂದರಿನಿಂದ ಹೊರಬೀಳುವ ಬೆಲೆ 87.78 ಲಕ್ಷ ಆಗುತ್ತಿತ್ತು. 54 ಪೈಸೆಗೆ ಇಳಿದದ್ದರಿಂದ 8.78 ಲಕ್ಷ ಉಳಿಯಿತು. ಏಜೆಂಟರು ಈ 8.78 ಲಕ್ಷವನ್ನೇ ನಿಮ್ಮ ಮುಂದೆ ಹಿಡಿಯುತ್ತಾರೆ. ಕಲಬುರಗಿಯ ನೆಹರು ಗಂಜ್‌ನಲ್ಲಿ ತೊಗರಿ ವ್ಯಾಪಾರ ಮಾಡುವವರಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ಮ್ಯಾನ್ಮಾರ್‌ನಿಂದಲೋ ಮೊಜಾಂಬಿಕ್‌ನಿಂದಲೋ ಬರುವ ತೊಗರಿಗೆ ಕೆಲವು ವರ್ಷಗಳಿಂದ ಸುಂಕವೇ ಇಲ್ಲದಿರುವುದರಿಂದ ಡಾಲರಿನ ದರ ಒಂದು ರೂಪಾಯಿ ಅಲುಗಿದರೂ ಗಂಜಿನ ಭಾವ ಅಲುಗುತ್ತದೆ, ಆ ವ್ಯಾಪಾರದಲ್ಲಿ ಲಾಭವೂ ನಷ್ಟವೂ ಆ ಅಲುಗಾಟದಲ್ಲೇ ಇರುತ್ತದೆ. ಕಾರಿನಲ್ಲಿ ಹಾಗಲ್ಲ. ದರ ಶೇ 10 ಇಳಿದಾಗ ಬೆಲೆಯೂ ಶೇ 10 ಇಳಿಯುತ್ತದೆ, ಆದರೆ ಮೂರೂಕಾಲು ಪಟ್ಟು ಎಂಬ ಗುಣಕ ಇದ್ದಲ್ಲಿಯೇ ಇರುತ್ತದೆ.

ಇನ್ನು ಯಾವ ದಿನದ ದರ ಎಂಬ ವಿಚಾರ. ನೀವು ಮಾರಾಟಗಾರನಿಗೆ ಹಣ ಕಳಿಸುವಾಗ ಬ್ಯಾಂಕಿನ ಮಾರಾಟ ದರ ಲಾಗುವಾಗುತ್ತದೆ, ಅದು ಮೊಬೈಲಿನಲ್ಲಿ ಕಾಣುವ ದರಕ್ಕಿಂತ ಯಾವಾಗಲೂ ನಿಮಗೆ ದುಬಾರಿ. ಸುಂಕದ ಲೆಕ್ಕಕ್ಕೆ ಆ ದರ ನಡೆಯುವುದಿಲ್ಲ. ಸೀಮಾ ಸುಂಕ ಕಾಯ್ದೆಯ 14ನೇ ಕಲಮಿನ ಪ್ರಕಾರ ಕೇಂದ್ರ ಪರೋಕ್ಷ ತೆರಿಗೆ ಮತ್ತು ಸೀಮಾ ಸುಂಕ ಮಂಡಳಿ ನಿಗದಿ ಮಾಡುವ ದರ ಅನ್ವಯಿಸುತ್ತದೆ, ಅದೂ ನೀವು ಬಿಲ್ ಆಫ್ ಎಂಟ್ರಿ (ಆಮದು ಸರಕಿನ ವಿವರ ಕೊಟ್ಟು ಕಸ್ಟಮ್ಸ್‌ಗೆ ಸಲ್ಲಿಸುವ ಪತ್ರ) ಸಲ್ಲಿಸಿದ ದಿನ ಜಾರಿಯಲ್ಲಿರುವ ದರ. ಈ ದರವನ್ನು ತಿಂಗಳಿಗೆ ಎರಡು ಸಲ ಬದಲಿಸುತ್ತಾರೆ, ನಡುವಿನ ದಿನಗಳಲ್ಲಿ ಪೇಟೆ ಸ್ವಲ್ಪ ಕುಣಿದರೂ ಅದು ಸಾಮಾನ್ಯವಾಗಿ ಕದಲುವುದಿಲ್ಲ. ಆ ಪಟ್ಟಿಯಲ್ಲಿ ಯೆನ್ನಿನ ದರವನ್ನು ನೂರು ಯೆನ್‌ಗೆ ಇಷ್ಟು ಎಂದು ಕೊಡುತ್ತಾರೆ; ಮೊದಲ ಸಲ ನೋಡುವವರು ಗಾಬರಿಯಾಗುವುದುಂಟು. ಹಣ ಕಳಿಸಿದ ದಿನಕ್ಕೂ ಬಿಲ್ ಸಲ್ಲಿಸುವ ದಿನಕ್ಕೂ ನಡುವೆ ಕಾಗದಪತ್ರ, ಹಡಗು ಎಂದು ಕೆಲವು ವಾರಗಳೇ ಹೋಗುತ್ತವೆ. ಆ ನಡುವೆ ಯೆನ್ ಏರಿದರೆ ನೀವು ಅಗ್ಗಕ್ಕೆ ಕೊಂಡ ಗಾಡಿಯ ಮೇಲೆ ಏರಿದ ದರದಲ್ಲಿ ಸುಂಕ ಬೀಳುತ್ತದೆ, ಸುಂಕವೇ ಬೆಲೆಯ ಎರಡು ಪಟ್ಟಿಗಿಂತ ಹೆಚ್ಚು ಎಂಬುದು ನೆನಪಿರಲಿ. ಹಡಗು ಬರುವ ಮುಂಚೆಯೇ ಬಿಲ್ ಸಲ್ಲಿಸಲು ಕಾನೂನಿನಲ್ಲಿ ಅವಕಾಶವಿದೆ, ನುರಿತ ಬ್ರೋಕರು ಅದನ್ನು ಬಳಸಿಕೊಳ್ಳುತ್ತಾರೆ. ತಡ ಮಾಡಿದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000 ರೂಪಾಯಿ ದಂಡ, ಬಂದರಿನ ಜಾಗದ ಬಾಡಿಗೆ ಬೇರೆ.

ಹರಾಜಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಸುಂಕವೂ ಅಗ್ಗವಾಗುತ್ತದೆಂದು ತಿಳಿಯಬೇಡಿ. ಬಳಸಿದ ವಾಹನಕ್ಕೆ ಕಸ್ಟಮ್ಸ್‌ನವರು ನಿಮ್ಮ ರಸೀದಿಯನ್ನು ಒಪ್ಪಲೇಬೇಕೆಂದೇನೂ ಇಲ್ಲ. ಸಾಮಾನ್ಯವಾಗಿ ಗಾಡಿ ಹೊಸದಿದ್ದಾಗ ಕಂಪನಿಯ ಬೆಲೆ ಎಷ್ಟಿತ್ತೋ ಅದನ್ನು ಹಿಡಿದು, ಮೊದಲ ವರ್ಷ ಪ್ರತಿ ಮೂರು ತಿಂಗಳಿಗೆ ಶೇ 4, ಎರಡನೆಯ ವರ್ಷ ಶೇ 3, ಮೂರನೆಯ ವರ್ಷ ಶೇ 2.5ರಂತೆ ಸವಕಳಿ ಕಳೆಯುತ್ತಾರೆ. ಹೊಸದರಲ್ಲಿ 60 ಲಕ್ಷ ಯೆನ್ ಇದ್ದ ಗಾಡಿಗೆ ಎರಡೂವರೆ ವರ್ಷದಲ್ಲಿ ಶೇ 33 ಕಳೆದು 40.2 ಲಕ್ಷ ಯೆನ್ ಉಳಿಯುತ್ತದೆ. ನೀವು ಜಾಣತನದಿಂದ ಕೂಗಿ 34 ಲಕ್ಷಕ್ಕೆ ಗೆದ್ದಿರಿ ಎನ್ನಿ. ಆ 6.2 ಲಕ್ಷ ಯೆನ್‌ನ ಉಳಿತಾಯ ನಿಮ್ಮದೇ, ಆದರೆ ಅದರ ಮೇಲಿನ ಸುಂಕದ ಉಳಿತಾಯ ನಿಮಗೆ ಸಿಗದೆ ಹೋಗಬಹುದು.

ಇದುವರೆಗೆ ಹೇಳಿದ್ದು ಗಾಡಿಯನ್ನು ತರಲು ಅನುಮತಿ ಇದೆ ಎಂಬ ನಂಬಿಕೆಯ ಮೇಲೆ. ಅನುಮತಿಯ ಷರತ್ತುಗಳು ಸಣ್ಣವಲ್ಲ. ಬಳಸಿದ ಕಾರು ತಯಾರಾದ ದಿನದಿಂದ ಮೂರು ವರ್ಷ ಮೀರಿರಬಾರದು. ಸ್ಟಿಯರಿಂಗ್ ಬಲಗಡೆಗೆ ಇರಬೇಕು, ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿ ಇರಬೇಕು (ಬ್ರಿಟನ್ನಿನ ಗಾಡಿಗಳು ಮೈಲಿಯಲ್ಲಿ ತೋರಿಸುವುದರಿಂದ ಇಲ್ಲಿ ಸಿಕ್ಕಿಬೀಳುತ್ತವೆ), ಹೆಡ್‌ಲೈಟಿನ ಬೆಳಕು ರಸ್ತೆಯ ಎಡಬದಿಯಲ್ಲಿ ಚಲಿಸುವ ಸಂಚಾರಕ್ಕೆ ಹೊಂದಬೇಕು. ಆಮದಾದ ದಿನದಿಂದ ಕನಿಷ್ಠ ಐದು ವರ್ಷ ರಸ್ತೆಯಲ್ಲಿ ಓಡಲು ಯೋಗ್ಯವೆಂಬುದಕ್ಕೆ ಖಾತರಿ ಬೇಕು. ಹಡಗು ಹತ್ತುವ ಮೊದಲು ಆ ದೇಶದಲ್ಲಿ ಒಂದು ತಪಾಸಣೆ, ಇಳಿದ ಮೇಲೆ ವಾಹನ ಪರೀಕ್ಷಾ ಸಂಸ್ಥೆಗಳಾದ ಪುಣೆಯ ಎಆರ್‌ಎಐ, ಅಹಿಲ್ಯಾನಗರದ (ಹಿಂದಿನ ಅಹ್ಮದ್‌ನಗರ) ವಿಆರ್‌ಡಿಇ ಅಥವಾ ಮಧ್ಯಪ್ರದೇಶದ ಬುಧನಿಯ ಕೇಂದ್ರದಲ್ಲಿ ಇನ್ನೊಂದು ತಪಾಸಣೆ ಆಗಬೇಕು. ಬಳಸಿದ ಕಾರು ಇಳಿಯಬಹುದಾದದ್ದು ಮುಂಬೈ ಬಂದರಿನಲ್ಲಿ ಮಾತ್ರ. ಈ ಒಂದು ಷರತ್ತಿನಲ್ಲಾದರೂ ಬೆಂಗಳೂರಿನವರಿಗಿಂತ ನಮ್ಮ ಕಡೆಯವರಿಗೆ ದಾರಿ ಹತ್ತಿರವೇ.

ಮೂರು ವರ್ಷದ ಷರತ್ತಿನ ಬಗ್ಗೆ ಒಂದು ಮಾತು. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷ ತುಂಬಿದಾಗ ‘ಶಾಕೆನ್’ ಎಂಬ ಕಡ್ಡಾಯ ತಪಾಸಣೆಯ ಮೊದಲ ಸರದಿ ಬರುತ್ತದೆ, ಅದರ ಖರ್ಚು ಬೇಡವೆಂದು ಬಹಳ ಜನ ಆಗಲೇ ಗಾಡಿ ಮಾರುತ್ತಾರೆ. ಹರಾಜಿಗೆ ಒಳ್ಳೆಯ ಸರಕು ರಾಶಿಯಾಗಿ ಬರುವ ಹೊತ್ತಿಗೆ ಸರಿಯಾಗಿ ನಮ್ಮ ಬಾಗಿಲು ಮುಚ್ಚುತ್ತದೆ. ಕೀನ್ಯಾದವರು ಎಂಟು ವರ್ಷದವರೆಗಿನ ಗಾಡಿ ತರಬಹುದಾದ್ದರಿಂದ ಅಲ್ಲಿನ ರಸ್ತೆಗಳಲ್ಲಿ ಜಪಾನಿನ ಹಳೆಯ ಗಾಡಿಗಳೇ ತುಂಬಿವೆ. ಯೆನ್ ಇಳಿದರೆ ಲಾಭ ಪಡೆಯುವ ಪೇಟೆ ಅದು, ನಮ್ಮದಲ್ಲ.

ಇದೇ ಷರತ್ತಿನಲ್ಲಿ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ಜಪಾನಿನಿಂದ ಬರುವ ರಫ್ತು ಪತ್ರದಲ್ಲಿ ಮೊದಲ ನೋಂದಣಿಯ ತಿಂಗಳು ಇರುತ್ತದೆ, ತಯಾರಾದ ತಿಂಗಳು ಇರಲೇಬೇಕೆಂದಿಲ್ಲ. ನನ್ನ ಬಳಿ ಬಂದಿದ್ದ ಒಂದು ಗಾಡಿ ನೋಂದಣಿಯ ಲೆಕ್ಕದಲ್ಲಿ ಎರಡು ವರ್ಷ ಹತ್ತು ತಿಂಗಳದ್ದು, ನಾನು ನಿಶ್ಚಿಂತೆಯಿಂದ ಇದ್ದೆ. ತಪಾಸಣೆಗೆ ಬಂದ ಅಧಿಕಾರಿ ಬಾನೆಟ್ ಎತ್ತಲೂ ಇಲ್ಲ. ಹಿಂದಿನ ಬಾಗಿಲು ತೆಗೆದು, ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದು, ಬುಡದಲ್ಲಿ ಹೊಲಿದಿದ್ದ ಬಿಳಿ ಬಟ್ಟೆಯ ಚೀಟಿಯನ್ನು ಬೆರಳಿನಲ್ಲಿ ಸವರಿ ಓದಿದರು. ಬೆಲ್ಟು ತಯಾರಾದ ತಿಂಗಳು ಅದರ ಮೇಲಿತ್ತು, ನೋಂದಣಿಗಿಂತ ಐದು ತಿಂಗಳು ಹಿಂದಿನದು. ಗಾಡಿ ಮಾರಾಟವಾಗದೆ ಅಷ್ಟು ದಿನ ಅಂಗಡಿಯಲ್ಲಿ ನಿಂತಿತ್ತು. ಆಮೇಲೆ ಕಂಪನಿಯಿಂದ ತಯಾರಿಕೆಯ ದಿನಾಂಕದ ಪತ್ರ ತರಿಸಿದೆವು, ಪತ್ರವೂ ಅಧಿಕಾರಿಯ ಮಾತನ್ನೇ ಹೇಳಿತು. ಗಾಡಿ ಬಿಡಿಸಿಕೊಳ್ಳಲು ಗ್ರಾಹಕರು ಕಟ್ಟಿದ ದಂಡದಲ್ಲಿ ಆ ವರ್ಷ ಯೆನ್ನಿನಿಂದ ಉಳಿದದ್ದೆಲ್ಲ ಹೋಯಿತು. ಅದರಲ್ಲಿ ತಪ್ಪು ನನ್ನದೂ ಇತ್ತು. ಕೊಳ್ಳುವ ಮುಂಚೆ ಆ ಪತ್ರ ಕೇಳಬೇಕಾಗಿತ್ತು.

ಹೊಸ ಕಾರು ತರಿಸಿದರೆ ಹೇಗೆ ಎಂದು ನೀವು ಕೇಳಿಲ್ಲ. ಆದರೆ ವಿನಿಮಯ ದರ ನಿಜವಾಗಿ ಚಮತ್ಕಾರ ಮಾಡುವುದು ಅಲ್ಲಿ ಮಾತ್ರ, ಆದ್ದರಿಂದ ಹೇಳಲೇಬೇಕು. ಬಾಡಿಗೆ ಮತ್ತು ವಿಮೆ ಸೇರಿದ ಬೆಲೆ 40,000 ಡಾಲರ್ ಮೀರಿದ ಅಥವಾ ಎಂಜಿನ್ ಪೆಟ್ರೋಲಿನಲ್ಲಿ 3000 ಸಿಸಿ, ಡೀಸೆಲಿನಲ್ಲಿ 2500 ಸಿಸಿ ಮೀರಿದ ಹೊಸ ಕಾರಿಗೆ ಎಲ್ಲಾ ಸೇರಿ ಶೇ 110 ಸುಂಕ. ಆ ಗೆರೆಯ ಕೆಳಗಿದ್ದರೆ ಶೇ 70. ಗೆರೆ ಇರುವುದು ಡಾಲರಿನಲ್ಲಿ, ಗಾಡಿಯ ಬೆಲೆ ಯೆನ್ನಿನಲ್ಲಿ. 60 ಲಕ್ಷ ಯೆನ್‌ನ ಒಂದು ಗಾಡಿ ಡಾಲರಿಗೆ 110 ಯೆನ್ ಇದ್ದಾಗ 54,500 ಡಾಲರ್ ದಾಟುತ್ತಿತ್ತು. 155 ಯೆನ್ ಆದಾಗ 38,700 ಡಾಲರಿಗೆ ಇಳಿದು ಗೆರೆಯ ಒಳಗೆ ಬರುತ್ತದೆ. ಯೆನ್ ಬಿದ್ದದ್ದು ಶೇ 29, ಆದರೆ ಐಜಿಎಸ್‌ಟಿ ಸೇರಿ ಭಾರತದಲ್ಲಿ ಬೀಳುವ ಒಟ್ಟು ಬೆಲೆ ಡಾಲರಿನ ಲೆಕ್ಕದಲ್ಲಿ ಶೇ 42ಕ್ಕಿಂತ ಹೆಚ್ಚು ಇಳಿಯುತ್ತದೆ.

ಈ ಬಾಗಿಲು ನಿಮಗಾಗಿ ತೆರೆದಿಲ್ಲ. ಹೊಸ ಕಾರು ಎನ್ನಿಸಿಕೊಳ್ಳಬೇಕಾದರೆ ಅದು ಎಲ್ಲಿಯೂ ಮಾರಾಟವಾಗಿರಬಾರದು, ನೋಂದಣಿಯಾಗಿರಬಾರದು, ಮತ್ತು ತಯಾರಾದ ದೇಶದಿಂದಲೇ ಬರಬೇಕು. ಜಪಾನಿನಲ್ಲಿ ತಯಾರಾದ ಹೊಸ ಗಾಡಿಯನ್ನು ದುಬೈಯ ಷೋರೂಮಿನಿಂದ ಎತ್ತಿ ತರುವಂತಿಲ್ಲ. ಇದರ ಮೇಲೆ ನಮ್ಮ ಮೋಟಾರು ವಾಹನ ನಿಯಮಗಳಿಗೆ ಆ ಮಾದರಿ ಹೊಂದುತ್ತದೆ ಎಂಬ ಟೈಪ್ ಅಪ್ರೂವಲ್ ಬೇಕು. 2018ರಲ್ಲಿ ಕೇಂದ್ರ ಸರ್ಕಾರ ವರ್ಷಕ್ಕೆ 2,500 ವಾಹನಗಳವರೆಗೆ ಇಲ್ಲಿನ ಆ ಪರೀಕ್ಷೆಯಿಂದ ವಿನಾಯಿತಿ ಕೊಟ್ಟಿತು, ಆದರೆ ಕೊಟ್ಟದ್ದು ತಯಾರಕ ಕಂಪನಿಗೆ ಅಥವಾ ಅದರ ಅಧಿಕೃತ ಪ್ರತಿನಿಧಿಗೆ. ಒಂದೇ ಒಂದು ಗಾಡಿಗಾಗಿ ಒಬ್ಬ ವ್ಯಕ್ತಿ ಈ ದಾರಿಯಲ್ಲಿ ಹೋಗಿ ಬಂದ ಉದಾಹರಣೆಯನ್ನು ನಾನು ನನ್ನ ಕೆಲಸದಲ್ಲಿ ನೋಡಿಲ್ಲ.

ಅಣ್ಣನವರ ದುಬೈ ಕಾರಿನ ವಿಷಯಕ್ಕೆ ಬರುತ್ತೇನೆ. ಹೊರದೇಶದಲ್ಲಿ ನಿರಂತರವಾಗಿ ಎರಡು ವರ್ಷ ಇದ್ದು ಕಾಯಮ್ಮಾಗಿ ನೆಲೆಸಲು ಬರುವವರು ಕನಿಷ್ಠ ಒಂದು ವರ್ಷ ತಮ್ಮ ಬಳಿ ಇದ್ದ ಕಾರನ್ನು ತರುವುದಾದರೆ ಆಮದು ನೀತಿಯಲ್ಲಿ ಕೆಲವು ಸಡಿಲಿಕೆಗಳಿವೆ. ಊರಿಗೆ ಬಂದವರು ಇದನ್ನು ‘ಸುಂಕ ಮಾಫಿ’ ಎಂದು ಹೇಳಿಕೊಂಡು ತಿರುಗುತ್ತಾರೆ. ಅದು ತಪ್ಪು. ವಾಸ ಬದಲಾಯಿಸಿ ಬರುವವರ ಮನೆಯ ಸಾಮಾನಿಗೆ ಸಿಗುವ ರಿಯಾಯಿತಿ ಕಾರಿಗೆ ಇಲ್ಲ, ಕಾರಿನ ಮೇಲೆ ಪೂರ್ಣ ಸುಂಕ ಬೀಳುತ್ತದೆ. ದುಬೈಯಲ್ಲಿ ಕೊಂಡದ್ದರಿಂದ ನಮಗೂ ಅವರಿಗೂ ನಡುವೆ 2022ರಿಂದ ಜಾರಿಯಲ್ಲಿರುವ ವ್ಯಾಪಾರ ಒಪ್ಪಂದ ಅನ್ವಯಿಸುತ್ತದೆಯೇ ಎಂದೂ ಕೆಲವರು ಕೇಳುತ್ತಾರೆ. ಬೇರೆ ದೇಶದಲ್ಲಿ ತಯಾರಾದ ಗಾಡಿ ದುಬೈಯ ಅಂಗಡಿಯಲ್ಲಿ ಮಾರಾಟವಾದ ಮಾತ್ರಕ್ಕೆ ಅಲ್ಲಿನ ಸರಕಾಗುವುದಿಲ್ಲ. ಇನ್ನು ಕೇರಳದ ರಸ್ತೆಗಳಲ್ಲಿ ಕಾಣುವ ದುಬೈ ನಂಬರಿನ ಕಾರುಗಳು ಕಾರ್ನೆ ಎಂಬ ತಾತ್ಕಾಲಿಕ ಪರವಾನಗಿಯ ಮೇಲೆ ಬಂದವು. ಆರು ತಿಂಗಳ ಅವಧಿಗೆ ಬಂದು, ಖಾತರಿ ಹಣ ಇಟ್ಟು, ಮತ್ತೆ ಹೊರಗೆ ಒಯ್ಯಬೇಕಾದ ಗಾಡಿಗಳವು, ಕಾಯಮ್ಮಾಗಿ ಇಟ್ಟುಕೊಳ್ಳಲು ಅಲ್ಲ.

ಹೈದರಾಬಾದು ಬೀದರಿಗೆ ಹತ್ತಿರವಾದ್ದರಿಂದ ಅಲ್ಲಿಂದ ನಿಮಗೊಂದು ಫೋನು ಬರಬಹುದೆಂದು ಮೊದಲೇ ಎಚ್ಚರಿಸುತ್ತೇನೆ. ಎಲ್ಲ ಕಾಗದ ನಾವೇ ಮಾಡಿಕೊಡುತ್ತೇವೆ, 50 ಲಕ್ಷಕ್ಕೆ ಮನೆ ಬಾಗಿಲಿಗೆ ಎನ್ನುವವರು ಅಲ್ಲಿದ್ದಾರೆ. ಮೇಲಿನ ಲೆಕ್ಕ ಗೊತ್ತಿರುವ ನೀವು ಉಳಿದ ಹಣ ಯಾವ ತೆರಿಗೆಯಿಂದ ಉಳಿಯಿತು ಎಂದು ಕೇಳಬೇಕು. ಅಮೆರಿಕದಿಂದಲೋ ಜಪಾನಿನಿಂದಲೋ ಹೊರಟ ಗಾಡಿಯನ್ನು ದುಬೈಯಲ್ಲೋ ಶ್ರೀಲಂಕಾದಲ್ಲೋ ಇಳಿಸಿ, ಎಡಗಡೆಯ ಸ್ಟಿಯರಿಂಗ್ ಬಲಕ್ಕೆ ಮಾಡಿಸಿ, ಅರ್ಧ ಬೆಲೆಯ ರಸೀದಿ ಹುಟ್ಟಿಸಿ ತರುವ ದಂಧೆಯನ್ನು ಕಂದಾಯ ಗುಪ್ತಚರ ನಿರ್ದೇಶನಾಲಯ ಹಿಡಿದಿದೆ. 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್‌ನವರು ‘ನುಮ್‌ಖೋರ್’ ಎಂಬ ಕಾರ್ಯಾಚರಣೆ ನಡೆಸಿ, ಭೂತಾನಿನಿಂದ ಅಡ್ಡದಾರಿಯಲ್ಲಿ ಬಂದು ಇಲ್ಲಿ ನೋಂದಣಿಯಾಗಿದ್ದ ಗಾಡಿಗಳನ್ನು ಎಳೆದುಕೊಂಡು ಹೋದರು. ಹಣ ಕೊಟ್ಟು ಕೊಂಡವರ ಅಂಗಳದಿಂದಲೇ ಎಳೆದುಕೊಂಡು ಹೋದರು ಎಂಬುದನ್ನು ಗಮನಿಸಿ. ಕಾಯ್ದೆ ಮೊದಲು ಗಾಡಿಯನ್ನು ಮುಟ್ಟುಗೋಲು ಹಾಕುತ್ತದೆ, ತಂದವನು ಯಾರೆಂಬ ವಿಚಾರ ಆಮೇಲೆ.

ಗಾಡಿ ನ್ಯಾಯವಾಗಿಯೇ ಬಂತೆಂದುಕೊಂಡರೂ ಅದರೊಡನೆ ಬದುಕುವುದು ಬೀದರಿನಲ್ಲಿ. ಜಪಾನಿನ ಒಳಪೇಟೆಗೆ ಮಾಡಿದ ಗಾಡಿಯ ಪರದೆ ಜಪಾನಿ ಭಾಷೆಯಲ್ಲಿ ಮಾತಾಡುತ್ತದೆ, ರೇಡಿಯೊ 76ರಿಂದ 95 ಮೆಗಾಹರ್ಟ್ಸ್‌ವರೆಗೆ ಹಿಡಿದು ನಮ್ಮ ಹೆಚ್ಚಿನ ನಿಲಯಗಳಿರುವ ಕಡೆ ಮೂಕವಾಗುತ್ತದೆ. ಇವು ಸಣ್ಣ ಮಾತು. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲು. ಗಾಡಿ ಅದಕ್ಕೆ ತಕ್ಕದ್ದೆಂದು ತಯಾರಕರ ಲಿಖಿತ ಮಾತು ಬೇಕು. ಮುಂದಿನ ಗಾಜಿಗೆ ಕಲ್ಲು ಬಡಿದರೆ ಅದಕ್ಕೆ ಹೊಂದುವ ಗಾಜು ಕಲಬುರಗಿಯಲ್ಲಿಯೂ ಸಿಗುವುದಿಲ್ಲ, ಹೈದರಾಬಾದಿನಲ್ಲಿಯೂ ಸಿಗಲಾರದು.

ನಿಮ್ಮ ಮನೆಗೆ ಈಗ ಅನುಕೂಲವಾಗಿರುವ ದರ ಯಾವುದೆಂದರೆ ದಿರಹಮ್ಮಿನದು. 2022ರ ಆರಂಭದಲ್ಲಿ ಒಂದು ದಿರಹಮ್ಮಿಗೆ 20 ರೂಪಾಯಿಯ ಆಸುಪಾಸು ಸಿಗುತ್ತಿತ್ತು. 2025ರ ಡಿಸೆಂಬರಿನಲ್ಲಿ ಡಾಲರ್ 90 ರೂಪಾಯಿ ದಾಟಿದಾಗ ಅದು 24.5 ರೂಪಾಯಿಯಾಯಿತು. ಮೊದಲಿನ ದರದಲ್ಲಿ 30 ಲಕ್ಷ ರೂಪಾಯಿ ಕಳಿಸಲು ಸುಮಾರು ಒಂದೂವರೆ ಲಕ್ಷ ದಿರಹಮ್ ಬೇಕಿತ್ತು, ಈ ದರದಲ್ಲಿ 1,22,500 ಸಾಕು. ಜಪಾನಿನ ಗಾಡಿ ತರಿಸುವಾಗ ಲೆಕ್ಕದಿಂದ ಮಾಯವಾಗಿದ್ದ ರೂಪಾಯಿಯ ಕುಸಿತ, ಇಲ್ಲಿಯೇ ತಯಾರಾದ ಗಾಡಿ ಕೊಂಡಾಗ ಪೂರ್ತಿಯಾಗಿ ಅಣ್ಣನವರ ಪಾಲಿಗೆ ಬರುತ್ತದೆ. ಅವರು ಊರಿಗೆ ಮರಳಿ ಸಂಬಳ ರೂಪಾಯಿಗೆ ತಿರುಗಿದ ಮೇಲೆ ಈ ಅನುಕೂಲ ಉಳಿಯುವುದಿಲ್ಲ. ಏಳು ಆಸನದ, ಪೆಟ್ರೋಲ್ ಹೈಬ್ರಿಡ್ ಟೊಯೊಟಾವೇ ಬೇಕೆಂದರೆ ಇನೋವಾ ಹೈಕ್ರಾಸ್ ತಯಾರಾಗುವುದು ನಮ್ಮ ಬಿಡದಿಯಲ್ಲಿಯೇ. ಬ್ರಿಟನ್ನಿನೊಡನೆ 2025ರ ಜುಲೈ 24ರಂದು ಸಹಿಯಾದ ಒಪ್ಪಂದದಲ್ಲಿ ಕಾರಿನ ಸುಂಕ ಹಂತಹಂತವಾಗಿ ಶೇ 10ಕ್ಕೆ ಇಳಿಯಲಿದೆ ಎಂದು ಕಾಯಬೇಕೆನ್ನುವವರೂ ಇದ್ದಾರೆ. ಆ ರಿಯಾಯಿತಿ ಕೋಟಾದೊಳಗಿನ ಸಂಖ್ಯೆಗೆ ಮಾತ್ರ, ಜಪಾನಿನ ಗಾಡಿಗೆ ಅದರಿಂದ ಏನೂ ಆಗದು.

ಇಷ್ಟಾದ ಮೇಲೂ ಆ ವ್ಯಾನಿನ ಮೇಲೆಯೇ ಮನಸ್ಸಿದ್ದರೆ, ಮುಂಗಡ ಕಳಿಸುವ ಮೊದಲು ತಯಾರಿಕೆಯ ತಿಂಗಳನ್ನು ಹೇಳುವ ಕಂಪನಿಯ ಪತ್ರ, ಹೊಸದರಲ್ಲಿ ಆ ಮಾದರಿಗಿದ್ದ ಬೆಲೆಯ ಪಟ್ಟಿ ಮತ್ತು ಪರವಾನಗಿ ಇರುವ ಕಸ್ಟಮ್ಸ್ ಬ್ರೋಕರೊಬ್ಬರು ಸಹಿ ಮಾಡಿದ ಸುಂಕದ ಅಂದಾಜು ತರಿಸಿಕೊಳ್ಳಿ. ಮೂರನೆಯ ಕಾಗದದ ಕೊನೆಯ ಸಾಲನ್ನು ಅಣ್ಣನವರಿಗೆ ರೂಪಾಯಿಯಲ್ಲಿ ಅಲ್ಲ, ದಿರಹಮ್ಮಿನಲ್ಲಿ ಓದಿ ಹೇಳಿ.